ಏರ್ ರೈಫಲ್‌ಗೆ ಸ್ಕೋಪ್ ಮೌಂಟ್ ಆರಿಸುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ, ಸಿದ್ದಾಪುರದ ತೋಟದ ಮನೆಗಳಲ್ಲಿ, ಕೆಳಗೆ ಕುಮಟಾ, ಅಂಕೋಲಾ, ಕಾರವಾರದಲ್ಲಿ ಏರ್ ರೈಫಲ್ ಇಟ್ಟುಕೊಂಡು ಬಿಡುವಿದ್ದಾಗ ಟಾರ್ಗೆಟ್ ಹೊಡೆಯುವವರು ಸಾಕಷ್ಟು ಜನ ಇದ್ದಾರೆ. ಗುರಿ ನೋಡುವ ದೂರದರ್ಶಕ ಸ್ಕೋಪ್ ಕೊಳ್ಳುವಾಗ ಹತ್ತು ಜನರನ್ನು ಕೇಳುತ್ತಾರೆ, ಅದನ್ನು ರೈಫಲ್‌ಗೆ ಹಿಡಿದಿಡುವ ಮೌಂಟ್ ಮಾತ್ರ ಸ್ಕೋಪ್ ಜೊತೆ ಪೆಟ್ಟಿಗೆಯಲ್ಲಿ ಬಂದದ್ದನ್ನೇ ಹಾಕಿಬಿಡುತ್ತಾರೆ. ಆಮೇಲೆ ಗುಂಡು ಎಲ್ಲೆಲ್ಲೋ ಹೋಗುತ್ತದೆ, ಸ್ಕೋಪ್ ಸರಿಯಿಲ್ಲ ಎಂದು ವಾಪಸು ಕಳಿಸುತ್ತಾರೆ. ಅಂಥ ಹತ್ತು ದೂರುಗಳಲ್ಲಿ ಬಹುಪಾಲು ಮೌಂಟ್‌ನದೇ ಇರುತ್ತವೆ. ಇಲ್ಲಿನ ಉತ್ತರಗಳು ಮುಖ್ಯವಾಗಿ 4.5 ಮಿ.ಮೀ. ಸ್ಪ್ರಿಂಗ್ ಏರ್ ರೈಫಲ್ ಇದ್ದವರಿಗೆ. ಮೊದಲೇ ಒತ್ತಡದ ಗಾಳಿ ತುಂಬಿಟ್ಟುಕೊಳ್ಳುವ ಪಿಸಿಪಿ ರೈಫಲ್‌ನವರಿಗೂ ಲೈಸೆನ್ಸ್ ಕೋವಿ ಇದ್ದವರಿಗೂ ಬೇಕಾದದ್ದನ್ನು ಅಲ್ಲಲ್ಲಿ ಹೇಳಿದೆ.

ಸ್ಕೋಪ್ ಬಂತು. ಈಗ ಯಾವ ಮೌಂಟ್ ತರಿಸಲಿ?

ಸ್ಕೋಪ್ ಬದಿಗಿಡಿ, ರೈಫಲ್ ತೆಗೆಯಿರಿ. ಮೌಂಟ್‌ನ ಕೆಳಭಾಗ ಹೇಗಿರಬೇಕು ಅನ್ನುವುದನ್ನು ತೀರ್ಮಾನಿಸುವುದು ರೈಫಲ್ ಮೇಲಿನ ರೈಲ್, ಅಂದರೆ ಮೌಂಟ್ ಕೂರುವ ಪಟ್ಟಿ. ಸ್ಕೋಪ್‌ನ ನಳಿಗೆ ತೀರ್ಮಾನಿಸುವುದು ಮೇಲಿನ ರಿಂಗನ್ನು ಮಾತ್ರ: ಅದು 25.4 ಮಿ.ಮೀ., ಅಂದರೆ ಒಂದು ಇಂಚು, ಇಲ್ಲವೇ 30 ಮಿ.ಮೀ. ಇರುತ್ತದೆ. 34 ಮಿ.ಮೀ. ನಳಿಗೆಯೂ ಉಂಟು, ಏರ್ ರೈಫಲ್ ಮೇಲೆ ಅದು ಅಪರೂಪ. ಒಂದಿಂಚಿನ ಸ್ಕೋಪನ್ನು 30ರ ರಿಂಗ್‌ಗೆ ಹಾಕಬೇಕಾದರೆ ನಡುವೆ ಪ್ಲಾಸ್ಟಿಕ್ ತೋಳು ಬರುತ್ತದೆ. ಆಗುತ್ತದೆ, ಆದರೆ ಸರಿ ಅಳತೆಯ ರಿಂಗ್ ಸಿಗುವಾಗ ಆ ಉಸಾಬರಿ ಯಾಕೆ?

ರೈಲ್ ಅಳೆಯಲು ಸ್ಕೇಲ್ ಸಾಲದು, ವರ್ನಿಯರ್ ಕ್ಯಾಲಿಪರ್ ಬೇಕು. ಮನೆಯಲ್ಲಿಲ್ಲದಿದ್ದರೆ ಐಟಿಐ ಓದುವ ಹುಡುಗರ ಹತ್ತಿರ ಸಿಗುತ್ತದೆ. ರೈಲ್‌ನ ಮೇಲ್ತುದಿಯ ಅಗಲ, ಉದ್ದ, ಮೇಲೆ ತೂತು ಇದೆಯೋ ಇಲ್ಲವೋ, ಇದ್ದರೆ ಹಿಂದಿನ ತುದಿಯಿಂದ ಎಷ್ಟು ದೂರ, ಎಷ್ಟು ಆಳ. ಇಷ್ಟನ್ನೂ ಚೀಟಿಯಲ್ಲಿ ಬರೆದುಕೊಂಡು, ಒಂದು ಫೋಟೋ ತೆಗೆದು, ಆಮೇಲೆ ಅಂಗಡಿಯವರಿಗೆ ಕೇಳಿ.

11 ಮಿ.ಮೀ., ವೀವರ್, ಪಿಕಾಟಿನಿ: ಏನು ವ್ಯತ್ಯಾಸ?

ಏರ್ ರೈಫಲ್ ಮತ್ತು .22 ರೈಫಲ್‌ಗಳಲ್ಲಿ ಹೆಚ್ಚಾಗಿ ಇರುವುದು 11 ಮಿ.ಮೀ. ಡವ್‌ಟೇಲ್. ಉದ್ದಕ್ಕೂ ಎರಡು ಸಮಾನಾಂತರ ತೋಡು, ಅಡ್ಡ ಕಚ್ಚುಗಳಿಲ್ಲ. ಹೆಸರಿಗೆ 11 ಆದರೂ ತಯಾರಕರನ್ನು ಅವಲಂಬಿಸಿ 9.5ರಿಂದ 13ರವರೆಗೂ ಏನಾದರೂ ಸಿಕ್ಕೀತು, ತೋಡಿನ ಓರೆಯೂ ಒಂದೇ ರೀತಿ ಇರುವುದಿಲ್ಲ. ಹಾಗಾಗಿ ಪೆಟ್ಟಿಗೆ ಮೇಲೆ 11 ಎಂದು ಬರೆದಿದೆ ಅನ್ನುವುದೊಂದೇ ಸಾಕಾಗುವುದಿಲ್ಲ. ಮೌಂಟನ್ನು ಕೂರಿಸಿ ಬೆಳಕಿಗೆ ಹಿಡಿದು ನೋಡಿ: ಹಿಡಿಯುವ ದವಡೆ ತೋಡಿನ ಓರೆಗೆ ಪೂರ್ತಿ ಕೂತಿರಬೇಕು. ಬರೇ ಅಂಚಿನ ಗೆರೆ ಮಾತ್ರ ತಾಗಿದ್ದರೆ ಆ ಮೌಂಟ್ ನಿಮ್ಮ ರೈಫಲ್‌ಗೆ ಅಲ್ಲ.

ವೀವರ್ ಮತ್ತು ಪಿಕಾಟಿನಿ ಅಗಲ ರೈಲ್‌ಗಳು, ಮೇಲೆ ಅಡ್ಡ ಕಚ್ಚುಗಳಿರುತ್ತವೆ. ವೀವರ್ ಹಳೆಯದು, ಕಚ್ಚಿನ ಅಗಲ ಸುಮಾರು 4.6 ಮಿ.ಮೀ., ಕಚ್ಚುಗಳ ನಡುವಿನ ಅಂತರಕ್ಕೆ ಒಂದೇ ನಿಯಮವಿಲ್ಲ. ಪಿಕಾಟಿನಿ 1995ರಲ್ಲಿ ಅಮೆರಿಕದ ಸೇನೆಯ ಮಾನದಂಡವಾದದ್ದು. ಕಚ್ಚು 5.2 ಮಿ.ಮೀ. ಆಸುಪಾಸು, ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 10 ಮಿ.ಮೀ. ಇದರ ಪರಿಣಾಮ ಇಷ್ಟೇ: ವೀವರ್ ರಿಂಗ್ ಪಿಕಾಟಿನಿ ರೈಲ್ ಮೇಲೆ ಸಾಮಾನ್ಯವಾಗಿ ಕೂರುತ್ತದೆ, ಪಿಕಾಟಿನಿ ರಿಂಗಿನ ದಪ್ಪ ಅಡ್ಡಬೋಲ್ಟ್ ವೀವರ್ ಕಚ್ಚಿಗೆ ಇಳಿಯುವುದಿಲ್ಲ.

ನನ್ನದು 11 ಮಿ.ಮೀ., ತರಿಸಿದ್ದು ಪಿಕಾಟಿನಿ ರಿಂಗ್. ಅಡಾಪ್ಟರ್ ಹಾಕಿದರೆ?

ಪಿಸಿಪಿ ಆದರೆ ನಡೆದೀತು. ಸ್ಪ್ರಿಂಗ್ ರೈಫಲ್‌ಗೆ ಬೇಡ. ಎತ್ತರ ಹೆಚ್ಚುತ್ತದೆ, ಜಾರಲು ಇನ್ನೊಂದು ಜಾಗ ಸಿಕ್ಕಂತಾಗುತ್ತದೆ. ರಿಂಗ್ ವಾಪಸು ಮಾಡಿ.

ಎಷ್ಟು ಬಿಗಿ ಮಾಡಿದರೂ ಸ್ಕೋಪ್ ಹಿಂದಕ್ಕೆ ಬರುತ್ತದೆ ಮಾರಾಯ್ರೆ. ಯಾಕೆ?

ಇದು ಸ್ಪ್ರಿಂಗ್ ರೈಫಲ್‌ನ ಜನ್ಮಗುಣ. ಟ್ರಿಗರ್ ಒತ್ತಿದಾಗ ಒಳಗಿನ ಭಾರದ ಪಿಸ್ಟನ್ ಮುಂದಕ್ಕೆ ನುಗ್ಗುತ್ತದೆ, ರೈಫಲ್ ಹಿಂದಕ್ಕೆ ಬರುತ್ತದೆ. ಮರುಕ್ಷಣ ಪಿಸ್ಟನ್ ಮುಂದಿನ ಗಾಳಿಯ ದಿಂಬಿಗೆ ಬಡಿದು ನಿಲ್ಲುತ್ತದೆ, ಆಗ ಇಡೀ ರೈಫಲ್ ಮುಂದಕ್ಕೆ ಜಗ್ಗುತ್ತದೆ. ಈ ಎರಡನೆಯ ಹೊಡೆತವೇ ಜೋರು. ರೈಫಲ್ ಮುಂದೆ ಹೋಯಿತು, ಸ್ಕೋಪ್ ತನ್ನ ಭಾರದಿಂದ ಇದ್ದಲ್ಲೇ ಉಳಿಯಲು ನೋಡಿತು. ರೈಲ್ ಮೇಲೆ ನೋಡಿದರೆ ಅದು ಹಿಂದಕ್ಕೆ ಜಾರಿದಂತೆ. ಬಂದೂಕಿನಲ್ಲಿ ಹೊಡೆತ ಒಂದೇ ದಿಕ್ಕಿಗೆ, ಹಿಂದಕ್ಕೆ. ಅದಕ್ಕೇ ದೊಡ್ಡ ಬಂದೂಕಿನ ಸ್ಕೋಪ್ ಆದರೂ ಏರ್ ರೈಫಲ್ ಮೇಲೆ ಹಾಳಾಗುವುದುಂಟು: ಅದರ ಒಳಗಿನ ಲೆನ್ಸುಗಳನ್ನು ಹಿಮ್ಮುಖ ಹೊಡೆತಕ್ಕೆ ಮಾತ್ರ ಬಲಪಡಿಸಿರುತ್ತಾರೆ. ಕೊಳ್ಳುವಾಗ ಸ್ಪ್ರಿಂಗ್ ಏರ್‌ಗನ್‌ಗೆ ಆಗುತ್ತದೆಯೇ ಎಂದು ಕೇಳಿಯೇ ತರಬೇಕು.

ಸ್ಕ್ರೂ ಬಿಗಿ ಮಾಡುತ್ತ ಹೋಗುವುದು ಪರಿಹಾರವಲ್ಲ. ಡವ್‌ಟೇಲ್ ನುಣುಪು, ಹಿಡಿತ ಬರೇ ತಿಕ್ಕಾಟದ ಮೇಲೆ. ಬೇಕಾದದ್ದು ಸ್ಟಾಪ್ ಪಿನ್. ಮೌಂಟ್‌ನ ಹೊಟ್ಟೆಯಿಂದ ಕೆಳಗಿಳಿಯುವ ಸಣ್ಣ ಉಕ್ಕಿನ ಮೊಳೆ ಅದು, ರೈಲ್ ಮೇಲಿನ ತೂತಿಗೆ ಕೂರುತ್ತದೆ. ಪಿನ್ ತೂತಿನೊಳಗೆ ನಿಜವಾಗಿ ಇಳಿದಿದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ತುದಿಯಲ್ಲಿ ಮಾತ್ರ ನಿಂತಿದ್ದರೆ ನಾಲ್ಕು ದಿನಕ್ಕೆ ತೂತಿನ ಅಂಚನ್ನು ಕೊರೆದು ಹೊರಬರುತ್ತದೆ. ಪಿನ್ ಉದ್ದವಾಗಿದ್ದು ಮೌಂಟನ್ನೇ ಎತ್ತಿ ಹಿಡಿದಿದ್ದರೂ ತಪ್ಪು. ರೈಲ್‌ನಲ್ಲಿ ತೂತೇ ಇಲ್ಲವೆಂದರೆ ಮೌಂಟ್‌ನ ಬೆನ್ನಿಗೆ ತಾಗಿಸಿ ಕೂರಿಸುವ ಬೇರೆ ಸ್ಟಾಪ್ ಸಿಗುತ್ತದೆ, ಅದು ಹಾಕಿ. ಕೆಲವು ರೈಫಲ್‌ಗಳ ರೈಲ್ ಹಿಂದೆ ಅಲಂಕಾರಕ್ಕಿಟ್ಟಂತೆ ಒಂದು ಸ್ಕ್ರೂ ತಲೆ ಕಾಣುತ್ತದೆ. ಮೌಂಟನ್ನು ಅದಕ್ಕೆ ಒರಗಿಸಬೇಡಿ, ತುಂಡಾದೀತು.

ಜಾರುತ್ತಿದೆಯೋ ಇಲ್ಲವೋ ತಿಳಿಯಲು ಮನೆಯಲ್ಲಿರುವ ನೇಲ್ ಪಾಲಿಶ್ ಸಾಕು. ಮೌಂಟ್‌ನ ಹಿಂದಿನ ಅಂಚು ರೈಲ್‌ಗೆ ಸೇರುವಲ್ಲಿ ಎರಡಕ್ಕೂ ತಾಗುವಂತೆ ತೆಳ್ಳಗೆ ಒಂದು ಗೆರೆ, ರಿಂಗ್ ಮತ್ತು ಸ್ಕೋಪ್ ನಳಿಗೆ ಸೇರುವಲ್ಲಿ ಇನ್ನೊಂದು. ಐವತ್ತು ಪೆಲೆಟ್ ಹೊಡೆದು ನೋಡಿ. ಮೊದಲ ಗೆರೆ ಬಿರುಕು ಬಿಟ್ಟಿದ್ದರೆ ಮೌಂಟ್ ರೈಲ್ ಮೇಲೆ ಜಾರಿದೆ. ಅದು ಹಾಗೇ ಇದ್ದು ಎರಡನೆಯದು ಸರಿದಿದ್ದರೆ ರಿಂಗಿನೊಳಗೆ ಸ್ಕೋಪ್ ಜಾರುತ್ತಿದೆ. ಎರಡೂ ಗಟ್ಟಿಯಿದ್ದು ಗುಂಡು ಮಾತ್ರ ಅಲೆಯುತ್ತಿದ್ದರೆ ಆಗ ಸ್ಕೋಪ್ ಮೇಲೆ ಸಂಶಯ ಪಡಿ, ಅದಕ್ಕೂ ಮೊದಲು ಸ್ಟಾಕಿನ, ಅಂದರೆ ರೈಫಲ್‌ನ ಹಿಡಿಯ, ಸ್ಕ್ರೂ ಒಮ್ಮೆ ನೋಡಿ.

ಒಂದೇ ತುಂಡಿನ ಮೌಂಟ್ ಒಳ್ಳೆಯದೋ, ಬಿಡಿ ರಿಂಗೋ?

ಸ್ಪ್ರಿಂಗ್‌ಗೆ ಒಂದೇ ತುಂಡು. ರೈಲ್ ಮೇಲೆ ಹಿಡಿತ ಹೆಚ್ಚು, ಎರಡೂ ರಿಂಗ್ ಒಂದೇ ಸಾಲಿನಲ್ಲಿರುತ್ತವೆ. ಪಿಸಿಪಿಯಲ್ಲಿ ಮ್ಯಾಗಜೀನ್ ರೈಲ್‌ಗಿಂತ ಮೇಲೆ ಎದ್ದಿರುವುದರಿಂದ ಉದ್ದ ಮೌಂಟ್ ಅಡ್ಡ ಬರುತ್ತದೆ, ಅಲ್ಲಿ ಬಿಡಿ ರಿಂಗುಗಳೇ ಸರಿ. ಒಂದು ಎಚ್ಚರಿಕೆ: ಸ್ಕೋಪ್ ಗಿಡ್ಡವಿದ್ದರೆ ಒಂದೇ ತುಂಡಿನ ಮೌಂಟ್ ಮೇಲೆ ಅದನ್ನು ಹಿಂದೆ ಮುಂದೆ ಸರಿಸಲು ಜಾಗವೇ ಇರುವುದಿಲ್ಲ. ಕಣ್ಣಿಗೂ ಹಿಂದಿನ ಲೆನ್ಸಿಗೂ 8ರಿಂದ 10 ಸೆಂ.ಮೀ. ಅಂತರ ಸಿಗಬೇಕು.

ಎತ್ತರ ಎಷ್ಟಿರಬೇಕು? ಲೋ, ಮೀಡಿಯಂ, ಹೈ ಎಂದು ಬರೆದಿರುತ್ತಾರೆ.

ಆ ಪದಗಳಿಗೆ ಅರ್ಥವಿಲ್ಲ, ಒಬ್ಬರ ಮೀಡಿಯಂ ಇನ್ನೊಬ್ಬರ ಹೈ. ಮಿಲಿಮೀಟರ್ ಕೇಳಿ. ಅದನ್ನು ಎಲ್ಲಿಂದ ಎಲ್ಲಿಗೆ ಅಳೆದದ್ದು ಎಂದೂ ಕೇಳಿ. ಕೆಲವರು ರೈಲ್‌ನಿಂದ ನಳಿಗೆಯ ತಳಕ್ಕೆ, ಕೆಲವರು ನಳಿಗೆಯ ನಡುವಿಗೆ ಲೆಕ್ಕ ಹಾಕುತ್ತಾರೆ.

ಲೆಕ್ಕ ಕಷ್ಟದ್ದಲ್ಲ. 40 ಮಿ.ಮೀ. ಲೆನ್ಸಿನ ಸ್ಕೋಪ್ ಎಂದರೆ ಸ್ಕೋಪಿನ ಮುಂದಿನ ಅಗಲ ತುದಿಯ, ಅಂದರೆ ಗಂಟೆಯ, ಹೊರ ಅಳತೆ ಸುಮಾರು 48 ಮಿ.ಮೀ. ಅದರ ಅರ್ಧ 24. ಕೆಳಗಿನ ಲೋಹಕ್ಕೆ ತಾಗದಿರಲು 3 ಮಿ.ಮೀ. ಬಿಡಿ. ಗಂಟೆಯ ಕೆಳಗಿನ ಲೋಹ ರೈಲ್‌ನ ಮಟ್ಟದಲ್ಲೇ ಇದ್ದರೆ ರೈಲ್‌ನಿಂದ ನಳಿಗೆಯ ನಡುವಿಗೆ 27 ಬೇಕು. ಒಂದಿಂಚಿನ ನಳಿಗೆಯಾದರೆ ತಳಕ್ಕೆ ಸುಮಾರು 14. ಲೆನ್ಸಿಗೆ ಮುಚ್ಚಳ ಹಾಕುವವರು ಅದರ ದಪ್ಪವನ್ನೂ ಸೇರಿಸಿಕೊಳ್ಳಿ.

ಇದಕ್ಕಿಂತ ಮೇಲೆ ಏರಿಸಬೇಡಿ. ಕೆನ್ನೆ ಸ್ಟಾಕ್‌ಗೆ ಒರಗಿದಾಗ ಕಣ್ಣು ತಾನಾಗಿ ಸ್ಕೋಪಿನ ನೇರಕ್ಕೆ ಬರಬೇಕು, ಕತ್ತು ಎತ್ತಿ ಹುಡುಕುವಂತಾದರೆ ಪ್ರತಿ ಸಲವೂ ಕಣ್ಣು ಬೇರೆ ಜಾಗದಲ್ಲಿರುತ್ತದೆ. ನಮ್ಮಲ್ಲಿ ಅನೇಕರು 50 ಮಿ.ಮೀ. ಲೆನ್ಸಿನ ದೊಡ್ಡ ಸ್ಕೋಪ್ ತಂದು ಎತ್ತರದ ರಿಂಗ್ ಹಾಕುತ್ತಾರೆ. ಇಪ್ಪತ್ತೈದು ಮೀಟರಿನ ಟಾರ್ಗೆಟ್‌ಗೆ ಅದು ಯಾಕೆ ಬೇಕು ಎಂದು ನನಗಂತೂ ಅರ್ಥವಾಗಿಲ್ಲ. 32 ಅಥವಾ 40 ಧಾರಾಳ. ಅದಕ್ಕಿಂತ ಮುಖ್ಯ, ಸ್ಕೋಪಿನ ಫೋಕಸ್ 10 ಮೀಟರಿನವರೆಗೆ ಇಳಿಯಬೇಕು. ಬಂದೂಕಿನ ಸ್ಕೋಪ್‌ಗಳನ್ನು ಹೆಚ್ಚಾಗಿ 100 ಗಜಕ್ಕೆ ಹೊಂದಿಸಿರುತ್ತಾರೆ, ಅಂಗಳದ ದೂರಕ್ಕೆ ಮಬ್ಬಾಗಿ ಕಾಣುತ್ತದೆ.

ಸ್ಕೋಪಿನ ಮೇಲಿನ ತಿರುಗಣೆ ಕೊನೆವರೆಗೆ ತಿರುಗಿಸಿದರೂ ಪೆಲೆಟ್ ಕೆಳಗೇ ಬೀಳುತ್ತದೆ.

ಬ್ಯಾರಲ್ ಮಡಚಿ ಲೋಡ್ ಮಾಡುವ ರೈಫಲ್‌ಗಳಲ್ಲಿ ಬ್ಯಾರಲ್‌ನ ಮುಂತುದಿ ರೈಲ್‌ಗಿಂತ ಒಂದು ಚೂರು ತಗ್ಗಿರುವುದು ಸಾಮಾನ್ಯ. ಬರಿಗಣ್ಣಿನಲ್ಲಿ ಗುರಿ ಹಿಡಿಯುವ ಓಪನ್ ಸೈಟ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ, ಸೈಟ್‌ಗಳು ಬ್ಯಾರಲ್‌ಗೇ ಹೊಂದಿಕೊಂಡಿರುತ್ತವೆ. ಸ್ಕೋಪ್ ಹಾಕಿದಾಗ ಬಯಲಾಗುತ್ತದೆ. ತಿರುಗಣೆಯನ್ನು ಕೊನೆಯ ತನಕ ಮೇಲೆತ್ತಿ ಇಟ್ಟರೆ ಒಳಗಿನ ಸ್ಪ್ರಿಂಗ್ ಸಡಿಲಾಗಿ ಝೀರೋ, ಅಂದರೆ ಗುರಿಯಿಟ್ಟಲ್ಲೇ ಗುಂಡು ಬೀಳುವಂತೆ ಹೊಂದಿಸಿದ್ದು, ನಿಲ್ಲುವುದಿಲ್ಲ.

ಸರಿಯಾದ ದಾರಿ, ಹಿಂದಿನ ರಿಂಗ್ ಎತ್ತರವಿರುವ ಮೌಂಟ್ ಅಥವಾ ಎತ್ತರ ಹೊಂದಿಸಬಹುದಾದ ಮೌಂಟ್. ಅಗ್ಗದ ದಾರಿ, ಹಿಂದಿನ ರಿಂಗಿನ ಕೆಳ ಅರ್ಧದಲ್ಲಿ ತೆಳು ತಗಡಿನ ಪಟ್ಟಿ. ತಂಪುಪಾನೀಯದ ಡಬ್ಬಿಯ ತಗಡು ಸುಮಾರು 0.1 ಮಿ.ಮೀ. ದಪ್ಪ. ರಿಂಗುಗಳ ನಡುವೆ 100 ಮಿ.ಮೀ. ಇದ್ದರೆ ಒಂದು ಪಟ್ಟಿ 25 ಮೀಟರಿನಲ್ಲಿ ಗುಂಡನ್ನು ಎರಡೂವರೆ ಸೆಂಟಿಮೀಟರ್ ಎತ್ತುತ್ತದೆ. ಎರಡು ಪಟ್ಟಿಗೆ ನಿಲ್ಲಿಸಿ. ಅದಕ್ಕೂ ಮೀರಿದರೆ ನಳಿಗೆ ಬಾಗುತ್ತದೆ, ಗುರುತು ಬೀಳುತ್ತದೆ, ವಾರಂಟಿಯೂ ಹೋಗುತ್ತದೆ.

ಸ್ಕ್ರೂ ಎಷ್ಟು ಬಿಗಿ ಮಾಡಬೇಕು?

ರಿಂಗಿನ ಮೇಲ್ಮುಚ್ಚಳದ ಸ್ಕ್ರೂಗಳಿಗೆ ಸಾಮಾನ್ಯವಾಗಿ 1.7ರಿಂದ 2 ನ್ಯೂಟನ್ ಮೀಟರ್. ತಳದ ಸ್ಕ್ರೂಗಳಿಗೆ ತಯಾರಕರು ಏನು ಹೇಳುತ್ತಾರೋ ಅಷ್ಟು. ಟಾರ್ಕ್ ಸ್ಕ್ರೂಡ್ರೈವರ್ ಇಲ್ಲದಿದ್ದರೆ ಅಲೆನ್ ಕೀಯ ಗಿಡ್ಡ ಕೈಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿ, ಉದ್ದ ಕೈ ಹಿಡಿದು ಬಲ ಹಾಕಬೇಡಿ. ತಳ ಮೊದಲು, ಮೇಲ್ಮುಚ್ಚಳ ಆಮೇಲೆ. ಒಂದು ಸ್ಕ್ರೂ ಪೂರ್ತಿ ಬಿಗಿದು ಇನ್ನೊಂದಕ್ಕೆ ಹೋಗದೆ, ಮೂಲೆಯಿಂದ ಮೂಲೆಗೆ ಸ್ವಲ್ಪಸ್ವಲ್ಪವಾಗಿ, ಎರಡೂ ಕಡೆಯ ಸಂದು ಸಮ ಉಳಿಯುವಂತೆ.

ಹಾಕುವ ಮೊದಲು ರೈಲ್, ರಿಂಗಿನ ಒಳಭಾಗ, ಸ್ಕೋಪ್ ನಳಿಗೆ ಮೂರನ್ನೂ ಸ್ಪಿರಿಟ್‌ನಿಂದ ಒರೆಸಿ ಎಣ್ಣೆ ತೆಗೆಯಿರಿ. ಸ್ಕ್ರೂ ಎಳೆಗೆ ಎಣ್ಣೆ ಹಾಕಿ ಅದೇ ಅಳತೆಗೆ ಬಿಗಿದರೆ ಒಳಗಿನ ಎಳೆತ ಹೆಚ್ಚಾಗಿ ನಳಿಗೆ ಜಜ್ಜುತ್ತದೆ. ಸ್ಕ್ರೂ ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ತಳಕ್ಕೆ ಒಂದು ಹನಿ ಹಾಕಬಹುದು. ಕೆಂಪು ಯಾವತ್ತೂ ಬೇಡ.

ಅಡ್ಡಗೆರೆ ನೇರವಾಗಿದೆಯೋ ಇಲ್ಲವೋ ಹೇಗೆ ನೋಡುವುದು?

ಹದಿನೈದಿಪ್ಪತ್ತು ಮೀಟರ್ ದೂರದಲ್ಲಿ ದಾರಕ್ಕೊಂದು ಭಾರದ ನಟ್ ಕಟ್ಟಿ ಇಳಿಬಿಡಿ, ರೈಫಲನ್ನು ಮಟ್ಟಗೋಲಿನಿಂದ ಸಮ ಕೂರಿಸಿ, ಸ್ಕೋಪಿನ ಉದ್ದಗೆರೆ ದಾರಕ್ಕೆ ಸೇರುವವರೆಗೆ ತಿರುಗಿಸಿ. ತೆಂಗಿನ ಮರದ ನೇರಕ್ಕೆ ಹಿಡಿಯುವವರಿದ್ದಾರೆ. ನಮ್ಮ ಕರಾವಳಿಯಲ್ಲಿ ನೆಟ್ಟಗಿರುವ ತೆಂಗಿನ ಮರ ಎಷ್ಟಿದೆ ಹೇಳಿ!

ಮಳೆಗಾಲದಲ್ಲಿ ಏನು ಮಾಡಬೇಕು?

ಬೇರೆ ಊರಿನವರ ಸಲಹೆಗಳು ನಮಗೆ ಸಾಲದಿರುವುದು ಇಲ್ಲೇ. ಕಾರವಾರದಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. ಮೇಲಿಂದ ಉಪ್ಪುಗಾಳಿ. ಶಿರಸಿಯಲ್ಲಿ ಉಪ್ಪಿಲ್ಲ, ಆದರೆ ಆಷಾಢದಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗುವುದಿಲ್ಲ.

ಮೌಂಟ್ ಅಲ್ಯೂಮಿನಿಯಂನದು, ಸ್ಕ್ರೂ ಉಕ್ಕಿನದು. ಎರಡು ಲೋಹ ತಾಗಿರುವಲ್ಲಿ ಉಪ್ಪು ನೀರು ಸೇರಿದರೆ ಸವೆತ ಬೇಗ. ಕೋಡಿಬಾಗದಂಥ ಸಮುದ್ರಕ್ಕೆ ಹತ್ತಿರದ ಮನೆಗಳಲ್ಲಿ ಇಟ್ಟ ರೈಫಲ್ ನೋಡಿ: ಮೊದಲು ಅಲೆನ್ ಸ್ಕ್ರೂ ತಲೆಯ ಆರುಮೂಲೆ ಗುಳಿಯೊಳಗೆ ಕಂದು ಪುಡಿ, ಆಮೇಲೆ ಸ್ಕ್ರೂ ಸುತ್ತ ಅಲ್ಯೂಮಿನಿಯಂ ಮೇಲೆ ಬಿಳಿ ಹಿಟ್ಟು. ಆ ಹಂತಕ್ಕೆ ಬಂದರೆ ಬಿಚ್ಚುವಾಗ ಗುಳಿ ಸವೆದು ಕೀ ತಿರುಗುತ್ತದೆ, ಸ್ಕ್ರೂ ತಿರುಗುವುದಿಲ್ಲ. ಅದಕ್ಕೇ ಕರಾವಳಿಯವರು ಮೌಂಟ್ ಕೊಂಡ ದಿನವೇ ಸ್ಟೇನ್‌ಲೆಸ್ ಸ್ಕ್ರೂಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು, ಅದೇ ಅಳತೆ, ಅದೇ ಎಳೆ. ಬಿಗಿದಾದ ಮೇಲೆ ಇಯರ್‌ಬಡ್‌ನಲ್ಲಿ ಒಂದು ತೊಟ್ಟು ಗನ್ ಆಯಿಲ್ ಅದ್ದಿ ಸ್ಕ್ರೂ ತಲೆಗೂ ರೈಲ್‌ನ ಹೊರಗೆ ಕಾಣುವ ಭಾಗಕ್ಕೂ ಸವರಿ. ತೆಂಗಿನೆಣ್ಣೆ ಬೇಡ, ಅಂಟಾಗಿ ಧೂಳು ಹಿಡಿಯುತ್ತದೆ.

ಸ್ಪಂಜ್ ಒಳಪದರದ ರೆಕ್ಸಿನ್ ಚೀಲದಲ್ಲಿ ರೈಫಲ್ ಇಟ್ಟು ಜಿಪ್ ಎಳೆದು ನಾಲ್ಕು ತಿಂಗಳು ಮರೆತುಬಿಡುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. ಸ್ಪಂಜ್ ತೇವ ಹಿಡಿದಿಡುತ್ತದೆ, ಲೋಹಕ್ಕೆ ತುಕ್ಕು, ಲೆನ್ಸಿಗೆ ಬೂಷ್ಟು. ಲೆನ್ಸಿನ ಒಳಗೆ ಬೂಷ್ಟಿನ ಎಳೆ ಹಬ್ಬಿದರೆ ಮನೆಯಲ್ಲಿ ತೆಗೆಯಲಾಗದು. ಗಾಳಿಯಾಡದ ಪೆಟ್ಟಿಗೆ, ಒಳಗೆ ಸಿಲಿಕಾ ಜೆಲ್, ಬಣ್ಣ ಬದಲಾದರೆ ಬಿಸಿ ಮಾಡಿ ಮತ್ತೆ ಬಳಕೆ. ಅಷ್ಟಿಲ್ಲವಾದರೆ ಚೀಲದಿಂದ ತೆಗೆದು ಗಾಳಿಯಾಡುವ ಬೀಗದ ಕಪಾಟಿನಲ್ಲಿ ನಿಲ್ಲಿಸಿಡಿ. ಮಳೆಗಾಲ ಮುಗಿಯಿತೆಂದು ಮೌಂಟ್ ಬಿಚ್ಚಿ ಒರೆಸಿ ಹಾಕುವ ಅಗತ್ಯವಿಲ್ಲ. ನೇಲ್ ಪಾಲಿಶ್ ಗೆರೆ ನೋಡಿ, ಕೀ ಇಟ್ಟು ಬಿಗಿ ನೋಡಿ, ಸಾಕು.

ಇನ್ನೂರು ರೂಪಾಯಿ ಮೌಂಟ್‌ಗೂ ಮೂರು ಸಾವಿರದ್ದಕ್ಕೂ ಏನಂತರ?

ಅಗ್ಗದ್ದು ಎರಕದ್ದು, ಸ್ಕ್ರೂ ಎಳೆ ಮೂರ್ನಾಲ್ಕು ಸಲ ಬಿಚ್ಚುವುದರೊಳಗೆ ಸವೆಯುತ್ತದೆ. ಒಳ್ಳೆಯದು ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ ಯಂತ್ರದಲ್ಲಿ ಕೊರೆದದ್ದು, ಪ್ರತಿ ರಿಂಗಿಗೂ ನಾಲ್ಕು ಸ್ಕ್ರೂ, ಸ್ಟಾಪ್ ಪಿನ್ ಉಕ್ಕಿನದು. ಮೂರು ಸಾವಿರದ್ದೇ ಆಗಬೇಕೆಂದಿಲ್ಲ. ಆದರೆ ಒಟ್ಟು ಬಜೆಟ್ ಹತ್ತು ಸಾವಿರ ಎಂದಾದರೆ ಒಂಬತ್ತೂಮುಕ್ಕಾಲನ್ನು ಸ್ಕೋಪ್‌ಗೆ ಸುರಿಯಬೇಡಿ.

ಮನೆಯ ಲೈಸೆನ್ಸ್ ಕೋವಿಗೆ ಸ್ಕೋಪ್ ಹಾಕಿಸಬಹುದೇ?

ನಮ್ಮಲ್ಲಿ ಬೆಳೆ ರಕ್ಷಣೆಗೆಂದು ಇರುವುದು ಹೆಚ್ಚಾಗಿ ಕೇಪಿನ ಕೋವಿ, ಒಂಟಿ ನಳಿಗೆ, ಜೋಡಿ ನಳಿಗೆಯ ತೋಟಾ ಕೋವಿ. ಒಳಗೆ ನುಣುಪು ನಳಿಗೆಯಿರುವ ಇವುಗಳಿಗೆ ದೂರದರ್ಶಕ ಸ್ಕೋಪ್ ವ್ಯರ್ಥ.

ರೈಫಲ್ ಇದ್ದು ಅದರ ಮೇಲೆ ರೈಲ್ ಇಲ್ಲವೆಂದರೆ ತೂತು ಕೊರೆದು ಎಳೆ ಹಾಕಿ ಬೇಸ್ ಕೂರಿಸಬೇಕು. ಇದನ್ನು ಊರಿನ ಲೇಥ್ ಶಾಪ್‌ಗೆ ಒಯ್ಯಬೇಡಿ. ಅವರ ಕೈ ಎಷ್ಟೇ ಚೊಕ್ಕವಿರಲಿ, 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಂದೂಕು ರಿಪೇರಿಗೂ ಲೈಸೆನ್ಸ್ ಬೇಕು, ಸಿಕ್ಕಿಬಿದ್ದರೆ ಇಬ್ಬರಿಗೂ ತೊಂದರೆ. ಲೈಸೆನ್ಸ್ ಇರುವ ಗನ್‌ಸ್ಮಿತ್ ಹತ್ತಿರವೇ ಮಾಡಿಸಿ. ತೂತು ಅರ್ಧ ಮಿಲಿಮೀಟರ್ ಹೆಚ್ಚು ಆಳವಾದರೂ ಗುಂಡಿನ ಕೋಣೆಯ ಮೇಲಿನ ಲೋಹ ತೆಳ್ಳಗಾಗುತ್ತದೆ.

ಇನ್ನೊಂದು ನಮ್ಮ ಕಡೆಯ ವಿಷಯ. ಚುನಾವಣೆ ಘೋಷಣೆಯಾದರೆ ಲೈಸೆನ್ಸ್ ಕೋವಿಗಳನ್ನು ಠಾಣೆಯಲ್ಲಿ ಜಮಾ ಮಾಡಲು ಹೇಳುತ್ತಾರೆ. ಅಲ್ಲಿ ಹತ್ತಾರು ಕೋವಿಗಳ ಜೊತೆ ಒರಗಿಸಿಟ್ಟರೆ ಸ್ಕೋಪ್ ಗತಿ ಏನು? ಹಾಗಾಗಿ ಇವರಿಗೆ ಲಿವರ್ ಎತ್ತಿದರೆ ಬಿಚ್ಚಿಬರುವ ಕ್ವಿಕ್ ರಿಲೀಸ್ ಮೌಂಟ್ ಒಳ್ಳೆಯದು. ಸ್ಕೋಪ್ ಮನೆಯಲ್ಲಿರಲಿ, ಕೋವಿ ಮಾತ್ರ ಹೋಗಲಿ. ವಾಪಸು ಹಾಕುವಾಗ ಅದೇ ಕಚ್ಚಿಗೆ, ಮೌಂಟನ್ನು ಮುಂದಕ್ಕೆ ಒತ್ತಿ ಹಿಡಿದು ಲಿವರ್ ಮುಚ್ಚಿ. ಬಂದೂಕು ಹಿಂದಕ್ಕೆ ಬರುವಾಗ ಮೌಂಟ್ ಮುಂದಕ್ಕೆ ಸರಿಯಲು ನೋಡುತ್ತದೆ, ಆ ಸಂದು ಮೊದಲೇ ಮುಚ್ಚಿರಬೇಕು. ಸ್ಪ್ರಿಂಗ್ ಏರ್ ರೈಫಲ್‌ನಲ್ಲಿ ಇದೇ ಕೆಲಸ ಉಲ್ಟಾ, ಹಿಂದಕ್ಕೆ ಒತ್ತಿ ಬಿಗಿಯಬೇಕು.

ಏರ್ ರೈಫಲ್‌ಗೆ ಸ್ಕೋಪ್ ಹಾಕಿದರೆ ಲೈಸೆನ್ಸ್ ಬೇಕಾಗುತ್ತದೆಯೇ?

ಸ್ಕೋಪ್‌ನಿಂದ ಏನೂ ಬದಲಾಗುವುದಿಲ್ಲ. 4.5 ಮಿ.ಮೀ. ಬೋರಿನ, 20 ಜೂಲ್ ಮೀರದ ಏರ್ ರೈಫಲ್‌ಗೆ ಲೈಸೆನ್ಸ್ ಬೇಡ. 5.5 ಮಿ.ಮೀ. ಆದರೆ ಬೇಕು. ಖರೀದಿ ಬಿಲ್ ಜೋಪಾನವಾಗಿಡಿ, ಸಾಗಿಸುವಾಗ ಜೊತೆಗಿರಲಿ.

ತೋಟಕ್ಕೆ ಮಂಗ ಬರುತ್ತದೆ. ಸ್ಕೋಪ್ ಹಾಕಿ ಹೆದರಿಸಬಹುದಲ್ಲ?

ಬೇಡ. ಪೆಲೆಟ್ ತಾಗಿದ ಮಂಗ ಸಾಯುವುದಿಲ್ಲ, ಗಾಯ ಕೊಳೆತು ನರಳುತ್ತದೆ, ಹಿಂಡು ಮಾರನೇ ದಿನ ಮತ್ತೆ ಬರುತ್ತದೆ. ನವಿಲು, ಕೆಂದಳಿಲು, ಮಂಗಟ್ಟೆ ಹಕ್ಕಿಗೆ ಗುರಿಯಿಟ್ಟರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಜೈಲು. ಅಡಿಕೆ, ಬಾಳೆ ಹಾಳಾಗುವ ಸಂಕಟ ನನಗೂ ಗೊತ್ತು, ಅದಕ್ಕೆ ಪರಿಹಾರದ ಅರ್ಜಿ ಅರಣ್ಯ ಇಲಾಖೆಗೆ ಹಾಕಬೇಕು.

ಮಗಳು ಶೂಟಿಂಗ್ ಸ್ಪರ್ಧೆಗೆ ತಯಾರಾಗುತ್ತಿದ್ದಾಳೆ. ಯಾವ ಮೌಂಟ್ ಕೊಡಿಸಲಿ?

ಯಾವುದೂ ಬೇಡ. 10 ಮೀಟರ್ ಏರ್ ರೈಫಲ್ ಸ್ಪರ್ಧೆಯಲ್ಲಿ ಸ್ಕೋಪ್‌ಗೆ ಅವಕಾಶವಿಲ್ಲ. 2008ರಲ್ಲಿ ಬೀಜಿಂಗ್‌ನಲ್ಲಿ ಅಭಿನವ್ ಬಿಂದ್ರಾ ಚಿನ್ನ ಗೆದ್ದದ್ದು ಇದೇ ಸ್ಪರ್ಧೆಯಲ್ಲಿ, ಸಣ್ಣ ತೂತಿನ ಮೂಲಕ ಗುರಿ ನೋಡುವ ಪೀಪ್ ಸೈಟ್ ಹಿಡಿದು. ಅಲ್ಲಿ ಹತ್ತರ ಗುರುತು ಬರೇ ಅರ್ಧ ಮಿಲಿಮೀಟರಿನ ಚುಕ್ಕೆ. ಪೀಪ್ ಸೈಟ್ ಕೂರುವುದೂ ರೈಫಲ್‌ನ ರೈಲ್ ಮೇಲೆಯೇ, ಹಾಗಾಗಿ ಅಳೆಯುವುದು, ಒರೆಸುವುದು, ಬಿಗಿಯುವುದರ ಬಗ್ಗೆ ಮೇಲೆ ಹೇಳಿದ್ದೆಲ್ಲ ಅವಳಿಗೂ ಲಾಗೂ. ದುಡ್ಡು ಉಳಿದರೆ ಶೂಟಿಂಗ್ ಜಾಕೆಟ್‌ಗೆ ಹಾಕಿ.

ಮನೆ ಹತ್ತಿರ ಎಲ್ಲಿ ಹೊಡೆದು ನೋಡಲಿ?

ಚಿರೇಕಲ್ಲಿನ ಕಂಪೌಂಡ್‌ಗೆ ಟಾರ್ಗೆಟ್ ಅಂಟಿಸಬೇಡಿ, ಪೆಲೆಟ್ ಸಿಡಿದು ವಾಪಸು ಬರುತ್ತದೆ. ಮರಳು ತುಂಬಿದ ಗೋಣಿಚೀಲ, ಅದರ ಹಿಂದೆ ಮಣ್ಣಿನ ದರೆ. ಅಕ್ಕಪಕ್ಕ ಓಡಾಟ ಇರಬಾರದು, ಕಣ್ಣಿಗೆ ಕನ್ನಡಕ ಇರಬೇಕು. ಕಾರವಾರದವರು ಬೀಚಿಗೆ ಒಯ್ಯಬೇಡಿ. ಅರ್ಗಾದ ನೌಕಾನೆಲೆ ಸುತ್ತಮುತ್ತ ಸ್ಕೋಪ್ ಹಾಕಿದ ಏನನ್ನೇ ಹಿಡಿದು ಓಡಾಡಿದರೂ ಉತ್ತರ ಹೇಳುವುದು ಕಷ್ಟ.

ಮೌಂಟ್ ಬಿಚ್ಚಿ ಮತ್ತೆ ಹಾಕಿದೆ. ಝೀರೋ ಮೊದಲಿನಂತೇ ಇರುತ್ತದೆಯೇ?

ಡವ್‌ಟೇಲ್ ಮೌಂಟ್ ಆದರೆ ಇರುವುದಿಲ್ಲ ಎಂದೇ ಇಟ್ಟುಕೊಳ್ಳಿ. 10 ಮೀಟರಿನಲ್ಲಿ ಐದು ಪೆಲೆಟ್ ಹೊಡೆದು ಗುಂಪಿನ ನಡು ಎಲ್ಲಿದೆ ನೋಡಿ, ಅಲ್ಲಿ ಒರಟಾಗಿ ಸರಿಪಡಿಸಿ 25ಕ್ಕೆ ಹೋಗಿ. ಕಾಲು ಎಂಒಎ (ಒಂದು ಎಂಒಎ ಎಂದರೆ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) ಕ್ಲಿಕ್ಕಿನ ಸ್ಕೋಪ್ ಆದರೆ ಒಂದು ಕ್ಲಿಕ್ 10 ಮೀಟರಿನಲ್ಲಿ 0.7 ಮಿ.ಮೀ., 25ರಲ್ಲಿ 1.8 ಮಿ.ಮೀ. ಸರಿಸುತ್ತದೆ. 25 ಮೀಟರಿನಲ್ಲಿ ಗುಂಪು 18 ಮಿ.ಮೀ. ಎಡಕ್ಕಿದ್ದರೆ ಬಲಕ್ಕೆ ಹತ್ತು ಕ್ಲಿಕ್. ಒಂದೊಂದೇ ಪೆಲೆಟ್ ಹಿಂದೆ ಬಿದ್ದು ಪ್ರತಿ ಸಲ ತಿರುಗಣೆ ತಿರುಗಿಸಬೇಡಿ. ಗುಂಪು ನಡುವಿಗೆ ಬಂದ ಮೇಲೆ ಹಳೆಯ ನೇಲ್ ಪಾಲಿಶ್ ಕೆರೆದು ತೆಗೆದು ಹೊಸ ಗೆರೆ ಎಳೆಯಿರಿ.